ಸಾವಿನ ಮನೆಗೆ ಒಯ್ದ ರೊಟ್ಟಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಸತ್ತವರ ಮನೆಗೆ ಹೋದಾಗ ಉಳಿದವರ ಕಣ್ಣು ಅಳುತ್ತ ಕುಳಿತವರ ಕಡೆಗೆ ಹೋದರೆ ನನ್ನ ಕಣ್ಣು ಅಡುಗೆಮನೆಯ ಬಾಗಿಲು ಹುಡುಕುತ್ತದೆ. ಒಲೆ ಹೊತ್ತಿದೆಯೋ ಇಲ್ಲವೋ, ಕಟ್ಟೆಯ ಮೇಲೆ ಯಾರ್‍ಯಾರ ಮನೆಯ ಡಬ್ಬಿ ಬಂದಿವೆ, ರೊಟ್ಟಿ ಬಂದಿದೆಯೋ ಬರೀ ಅನ್ನ ಸಾರೋ ಎಂದು ಕತ್ತು ಉದ್ದ ಮಾಡಿ ನೋಡುತ್ತೇನೆ. ಹೋದ ವರ್ಷ ವಿಜಾಪುರದ ಜಲನಗರದಲ್ಲಿ ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡಾಗ ಹೀಗೇ ಇಣುಕುತ್ತಿದ್ದೆ. ಅವರ ಮಗಳು, ಪಾಪ, ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದು, "ಅಕ್ಕಾರ, ಹಸಿವಾಗೇದೇನ್ರಿ? ಚಹಾ ತರಲೇನು?" ಎಂದಳು. ಆಗಷ್ಟೇ ತಂದೆಯನ್ನು ಕಳೆದುಕೊಂಡ ಹುಡುಗಿ ನನ್ನ ಹೊಟ್ಟೆಯ ಚಿಂತೆ ಮಾಡುವಂತಾಯಿತು. ನೆಲ ಬಿರಿದರೆ ಇಳಿದುಬಿಡೋಣ ಎನಿಸಿತು.

ಈ ಚಟ ನನಗೆ ಹತ್ತಿದ್ದು ಓದಿನಿಂದ. ಕೆಲವರಿಗೆ ಓದಿನಿಂದ ಕನ್ನಡಕ ಬರುತ್ತದೆ, ಕೆಲವರಿಗೆ ನೌಕರಿ ಬರುತ್ತದೆ. ನನಗೆ ಬಂದದ್ದು ಇದು. ಸಮಾಜಶಾಸ್ತ್ರದ ಆನರ್ಸ್ ಪದವಿಗಾಗಿ ನಾನು ಬರೆದ ಪ್ರಬಂಧದ ವಿಷಯವೇ ಸಾವಿನ ಮನೆಯ ಊಟ. ನಮ್ಮಪ್ಪ ಬಸ್ ಡಿಪೋದಲ್ಲಿ ಕೆಲಸ ಮಾಡುವವನು, ನಗಿಸುವ ಸ್ವಭಾವದವನು. ಯಾರಾದರೂ "ಮಗಳು ಏನ್ ಓದಾಕತ್ತಾಳ?" ಎಂದು ಕೇಳಿದರೆ ಮುಖ ಗಂಭೀರ ಮಾಡಿಕೊಂಡು, "ಸತ್ತಾವರ ಮನಿ ಊಟದ ಮ್ಯಾಲ ಡಿಗ್ರಿ ಮಾಡಾಕತ್ತಾಳ್ರಿ. ನಿಮ್ಮನ್ಯಾಗ ಏನಾರ ಆದ್ರ ಹೇಳ್ರಿ, ಬರತಾಳ" ಎನ್ನುತ್ತಿದ್ದ. ಕೇಳಿದವರು ಮತ್ತೊಮ್ಮೆ ಕೇಳುತ್ತಿರಲಿಲ್ಲ.

ಹಾಗೆ ನೋಡಿದರೆ ನಾನು ಬರೆಯಬೇಕೆಂದುಕೊಂಡಿದ್ದು ಬೇರೆ. ಯುವಜನರ ಮೇಲೆ ಮೊಬೈಲಿನ ಪರಿಣಾಮ ಎಂಬ ವಿಷಯ ಹಿಡಿದುಕೊಂಡು ವನಜಾ ಮೇಡಂ ಮುಂದೆ ಹೋಗಿ ನಿಂತಿದ್ದೆ. ಮೇಡಂ ನನ್ನ ಮಾರ್ಗದರ್ಶಕಿ. ಮೂರು ವರ್ಷ ಮುಗಿದ ಮೇಲೆ ನನ್ನ ಜೊತೆಯವರೆಲ್ಲ ಬಿ.ಎಡ್. ಎಂದು, ಮದುವೆ ಎಂದು, ಸ್ಪರ್ಧಾತ್ಮಕ ಪರೀಕ್ಷೆ ಎಂದು ಚದುರಿ ಹೋಗಿದ್ದರು. ನಾಲ್ಕನೆಯ ವರ್ಷದ ತರಗತಿಯಲ್ಲಿ ಉಳಿದವಳು ನಾನೊಬ್ಬಳೇ. ಆದರೂ ಮೇಡಂ ದಿನವೂ ಹಾಜರಿ ಪುಸ್ತಕ ತೆರೆದು ನನ್ನ ಹೆಸರು ಕೂಗುತ್ತಿದ್ದರು. ಎದುರಿಗೇ ಕುಳಿತ ನಾನು ಎದ್ದು ನಿಂತು "ಎಸ್ ಮೇಡಂ" ಎನ್ನಬೇಕಾಗುತ್ತಿತ್ತು. ಖಾಲಿ ಬೆಂಚುಗಳ ನಡುವೆ ಆ ದನಿ ನನಗೇ ಅನಾಥವಾಗಿ ಕೇಳಿಸುತ್ತಿತ್ತು.

"ಮೊಬೈಲ್ ಬ್ಯಾಡ. ಅದನ್ನ ಎಲ್ಲಾರೂ ಮಾಡತಾರ," ಎಂದರು ಮೇಡಂ. "ನೀ ಸಣ್ಣಾಕಿದ್ದಾಗ ನೋಡಿದ್ದು, ಇನ್ನೂ ತಲಿಯಾಗ ಕುಂತದ್ದು ಏನಾರ ಐತೇನು? ಅದನ್ನ ಹೇಳು."

ನನಗೆ ಥಟ್ಟನೆ ನೆನಪಾದದ್ದು ತಿಕೋಟಾ. ಅಲ್ಲಿ ನನ್ನ ಅವ್ವನ ತವರು. ಊರ ಹೊರಗೆ ಒಣದ್ರಾಕ್ಷಿಯ ಶೆಡ್ಡುಗಳು, ಅವುಗಳಿಂದ ಗಾಳಿಗೆ ತೇಲಿ ಬರುವ ಹುಳಿಸಿಹಿ ವಾಸನೆ. ನಾನು ಚಿಕ್ಕವಳಿದ್ದಾಗ ಅಲ್ಲಿ ನನ್ನ ತಾತ ತೀರಿಕೊಂಡ. ನನಗೆ ಸಾವು ತಿಳಿಯುವ ವಯಸ್ಸಲ್ಲ. ತಿಳಿದದ್ದು ಇಷ್ಟೇ: ಅಜ್ಜಿಯ ಒಲೆಗೆ ಅಂದು ಬೆಂಕಿ ಬೀಳಲಿಲ್ಲ, ಆದರೆ ಮಣ್ಣು ಮಾಡಿ ಬರುವುದರೊಳಗೆ ನಮ್ಮ ಕೇರಿಯ ಒಂದೊಂದು ಮನೆಯಿಂದ ಒಂದೊಂದು ಗಂಟು ಬಂತು. ಒಣಗಿಸಿದ ಕಟಿರೊಟ್ಟಿ, ಬಿಸಿರೊಟ್ಟಿ, ಕಡಲೆಹಿಟ್ಟಿನ ಜುಣಕ, ಹೆಸರುಕಾಳು, ಬದನೆಕಾಯಿ, ಶೇಂಗಾ ಹಿಂಡಿ. ಮದುವೆಯಲ್ಲೂ ಅಷ್ಟು ಬಗೆ ಕಂಡಿರಲಿಲ್ಲ. ನಾವು ಮಕ್ಕಳು ಮೂಲೆಯಲ್ಲಿ ಕುಳಿತು ಬೆರಳು ನೆಕ್ಕಿ ನೆಕ್ಕಿ ಉಂಡೆವು. ಅಜ್ಜಿ ಮಾತ್ರ ಬಾಯಿ ಬಿಗಿದುಕೊಂಡಿದ್ದಳು. ಪಕ್ಕದ ಮನೆಯಾಕೆ ಅವಳ ಗದ್ದ ಹಿಡಿದು, "ತಿನ್ನು ಬೇ. ಸತ್ತಾವರ ಜೋಡಿ ಸಾಯಾಕ ಬರಂಗಿಲ್ಲ," ಎಂದು ತುತ್ತು ತುರುಕಿದಳು. ಅಜ್ಜಿ ಅಳುತ್ತ ಅಗಿದಳು. ಅಷ್ಟು ರುಚಿಯ ಊಟ ಆಮೇಲೆ ನಾನು ಉಂಡಿಲ್ಲ ಎಂದು ಮೇಡಂಗೆ ಹೇಳಿ ನಾಚಿಕೊಂಡೆ.

ಮೇಡಂ ನಗಲಿಲ್ಲ. "ಇದ ನಿನ್ನ ವಿಷಯ. ಸಾವಿನ ಮನಿಗೆ ಯಾರು ಊಟಾ ತರತಾರ, ಯಾರು ತರಂಗಿಲ್ಲ. ಹೋಗು, ಕೇಳಿಕೊಂಡು ಬಾ," ಎಂದರು.

ಕೇಳಿಕೊಂಡು ಬರುವುದು ಅಷ್ಟು ಸುಲಭವಿರಲಿಲ್ಲ. ನಾನು ಗ್ರಂಥಾಲಯದಲ್ಲಿ ಕುಳಿತು ಶುದ್ಧ ಕನ್ನಡದಲ್ಲಿ ಒಂದು ಪ್ರಶ್ನಾವಳಿ ತಯಾರಿಸಿಕೊಂಡು ಬಬಲೇಶ್ವರಕ್ಕೆ ಹೋದೆ. ಬಸ್ಸಿಳಿದು ಮೊದಲು ಕಂಡ ಮನೆಯ ಅಂಗಳದಲ್ಲಿ ಒಬ್ಬಾಕೆ ಪಾತ್ರೆ ತಿಕ್ಕುತ್ತಿದ್ದಳು. ನಮಸ್ಕಾರ ಮಾಡಿ ಓದಿದೆ: "ನಿಮ್ಮ ಕುಟುಂಬದಲ್ಲಿ ಇತ್ತೀಚಿನ ಮರಣ ಯಾವಾಗ ಸಂಭವಿಸಿತು?"

ಆಕೆ ತಲೆಯೆತ್ತಿ ನನ್ನನ್ನೇ ನೋಡಿದಳು. "ಮುಂಜಮುಂಜಾನೆ ಬಂದು ಎಂಥಾದ್ದು ಕೇಳತಿ ಬೇ, ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಒಳಗೆ ಹೋಗಿ ದಡಾರನೆ ಕದ ಹಾಕಿಕೊಂಡಳು. ನಾನು ಬೆವರೊರೆಸಿಕೊಳ್ಳುವಷ್ಟರಲ್ಲಿ ಕದ ಮತ್ತೆ ಸ್ವಲ್ಪ ತೆರೆಯಿತು. "ಇನ್ಸೂರೆನ್ಸದವಳೇನ?" ಎಂದಳು. ಅಲ್ಲ ಎಂದಾಗ ಕದ ಶಾಶ್ವತವಾಗಿ ಮುಚ್ಚಿತು. ಪ್ರಶ್ನಾವಳಿಯನ್ನು ಅಲ್ಲೇ ಮಡಚಿ ಚೀಲಕ್ಕೆ ಹಾಕಿದವಳು ಮತ್ತೆ ಹೊರಗೆ ತೆಗೆಯಲಿಲ್ಲ.

ಕೊನೆಗೆ ದಾರಿ ತೋರಿಸಿದವನು ಅಪ್ಪ. ಅವನ ಡಿಪೋದಲ್ಲಿ ಬಬಲೇಶ್ವರ ಕಡೆಯ ನಿಡೋಣಿಯವರೊಬ್ಬರಿದ್ದರು. ಅವರು, "ನಮ್ಮೂರಾಗ ನೀಲವ್ವ ಅಂತ ಅದಾಳ್ರಿ. ಯಾರ ಸತ್ರೂ ಊಟದ ವ್ಯವಸ್ಥಾ ಆಕೀದ. ಆಕಿನ್ನ ಹಿಡೀರಿ, ಎಲ್ಲಾ ಹೇಳತಾಳ," ಎಂದರಂತೆ.

ನೀಲವ್ವ ಎಂಬುದು ಅವರ ನಿಜವಾದ ಹೆಸರಲ್ಲ. ಪ್ರಬಂಧದಲ್ಲಿ ನಾನಿಟ್ಟ ಹೆಸರು, ಈಗ ನನ್ನ ಬಾಯಿಗೂ ಅದೇ ರೂಢಿಯಾಗಿದೆ. ದೊಡ್ಡ ಒಕ್ಕಲು ಮನೆ. ಕಲ್ಲಿನ ಕಟ್ಟೆ, ಅಂಗಳದಲ್ಲಿ ಟ್ರ್ಯಾಕ್ಟರು, ದಾಳಿಂಬೆ, ಕಬ್ಬು, ಆಳುಕಾಳು. ನೀಲವ್ವ ಎತ್ತರದ ಹೆಂಗಸು, ಮಾತು ಅದಕ್ಕಿಂತ ಎತ್ತರ. ಗಂಡ ಮಾತಾಡದವರು. ಜಗತ್ತಿನ ಮಾತನ್ನೆಲ್ಲ ಹೆಂಡತಿಗೆ ಒಪ್ಪಿಸಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಮನೆಯಲ್ಲಿದ್ದ ಇನ್ನೊಬ್ಬಳೆಂದರೆ ಸೊಸೆ ಸವಿತಾ, ನನ್ನ ವಯಸ್ಸಿನವಳು. ಅತ್ತೆಯ ಮಾತಿಗೆ ಬಾಗಿಲ ಹಿಂದೆ ನಿಂತು ನಗುವವಳು.

ಮೊದಲ ದಿನವೇ ನೀಲವ್ವ ಕೇಳಿದರು: "ಯಾವ ಮಂದಿ ಬೇ ನೀವು?"

"ನಾವು ಬೌದ್ಧರ್‍ರಿ," ಎಂದೆ. ನಮ್ಮ ಮನೆಯ ಗೋಡೆಯ ಮೇಲಿನ ಬುದ್ಧನ ಚಿತ್ರ, ಅದಕ್ಕೂ ಮುಂಚೆ ಊರು ನಮ್ಮನ್ನು ಕರೆಯುತ್ತಿದ್ದ ಹೆಸರು, ಎರಡೂ ಅವರ ಮನಸ್ಸಿನಲ್ಲಿ ಒಂದರ ಹಿಂದೊಂದು ಹಾದುಹೋದದ್ದು ನನಗೆ ಕಂಡಿತು. "ಹೂಂ, ಕುಂಡ್ರು," ಎಂದರು. ಚಹಾ ಬಂತು. ಅವರಿಗೆ ಸ್ಟೀಲಿನ ಲೋಟದಲ್ಲಿ, ನನಗೆ ಕಾಗದದ ಕಪ್ಪಿನಲ್ಲಿ. ಹೊರಗಿನಿಂದ ಬಂದವರಿಗೆಲ್ಲ ಕಾಗದದ ಕಪ್ಪೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಸಲ ಗೊಬ್ಬರದ ಅಂಗಡಿಯವನೊಬ್ಬ ಬಂದು ಸ್ಟೀಲಿನ ಲೋಟದಲ್ಲಿ ಕುಡಿದು ಹೋದ. ಮತ್ತೆ ಏನೂ ಹೇಳಿಕೊಳ್ಳಲಿಲ್ಲ.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ನೀಲವ್ವನಿಗೆ ಅನ್ಯಾಯ ಮಾಡಿದಂತೆ. ಅವರಿಗೆ ನನ್ನ ಮೇಲೆ ಪ್ರೀತಿ ಹುಟ್ಟಿತು. ನನಗೂ ಹುಟ್ಟಿತು. ಒಂದು ವಾರ ಹೋಗದಿದ್ದರೆ ಫೋನ್ ಮಾಡಿ, "ಎಲ್ಲಿ ಸತ್ತೀ ಬೇ?" ಎಂದು ಬೈಯುತ್ತಿದ್ದರು. "ಇಷ್ಟ ಓದಿ ಓದಿ ಬಡಕಲಾದ್ರ ಯಾರ ಮದಿವಿ ಆಗತಾರ ನಿನ್ನ?" ಎಂದು ಶೇಂಗಾ, ಹಸಿಕಡಲೆ ನನ್ನ ಚೀಲಕ್ಕೆ ತುಂಬುತ್ತಿದ್ದರು. ಪಂಚಮಿಯಲ್ಲಿ ಉಂಡಿ ಕೊಟ್ಟರು, ಎಲೆಯಲ್ಲಿಟ್ಟು. ತಿಂದೆ. ಒಮ್ಮೆ ಅವ್ವ ಕರಿದ ಸಿಹಿ ಕರಚಿಕಾಯಿ ಒಯ್ದಿದ್ದೆ. "ಆಮ್ಯಾಲ ತಿಂತೇನಿ ಬಿಡು," ಎಂದು ಪಕ್ಕಕ್ಕಿಟ್ಟರು. ಅದರ ಸುದ್ದಿ ಮತ್ತೆ ಬರಲಿಲ್ಲ.

ಸಾವಿನ ಊಟದ ಬಗ್ಗೆ ಕೇಳಿದರಂತೂ ಅವರ ಮುಖ ಅರಳುತ್ತಿತ್ತು. ಯಾರಾದರೂ ಸತ್ತ ಸುದ್ದಿ ಬಂದೊಡನೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಗೆ ಇಳಿಯುತ್ತಾರೆ. ಇವರ ಮನೆಯಿಂದ ರೊಟ್ಟಿ, ಅವರ ಮನೆಯಿಂದ ಪಲ್ಯ, ಮತ್ತೊಬ್ಬರಿಂದ ಮಜ್ಜಿಗೆ. ದುಃಖದ ಮನೆಯವರಿಗೆ ಉಪ್ಪು ಖಾರ ಹೆಚ್ಚಾಗಬಾರದು, ಬಾಯಿ ಒಣಗಿರುತ್ತದೆ. "ಸಾವಿಗೆ ಜಾತಿ ಇಲ್ಲ ಬೇ," ಎಂದರು ಒಮ್ಮೆ, ಎದೆಯ ಮೇಲೆ ಕೈಯಿಟ್ಟು. "ಸತ್ತ ಮನಿಗೆ ಎಲ್ಲಾರೂ ತರತಾರ. ಎಲ್ಲಾರೂ ಅಂದ್ರ ಎಲ್ಲಾರೂ. ಬರಕೋ."

ಬರೆದುಕೊಂಡೆ. ಅಷ್ಟೇ ಅಲ್ಲ, ಅದನ್ನೇ ಮೂರನೆಯ ಅಧ್ಯಾಯದ ತಲೆಬರಹ ಮಾಡಿ ಮೇಡಂಗೆ ಒಯ್ದೆ.

ಮೇಡಂ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಇರುತ್ತಿದ್ದರು. ಭಾನುವಾರ ನನ್ನ ಬರಹ ತಿದ್ದುವುದು ಗುಮ್ಮಟದ ಮುಂದಿನ ಹುಲ್ಲಿನ ಮೇಲೆ. ಮನೆಯಲ್ಲಿ ಕುಳಿತರೆ ಅಕ್ಕಪಕ್ಕದವರು ಮಾತಿಗೆ ಬರುತ್ತಾರೆ ಎಂಬುದು ಅವರ ದೂರು. ಅಂದು ಸುತ್ತ ಪ್ರವಾಸಿಗಳು ಫೋಟೋ ತೆಗೆದುಕೊಳ್ಳುತ್ತಿದ್ದರು, ಒಬ್ಬ ಸೌತೆಕಾಯಿ ಮಾರುತ್ತಿದ್ದ. ಮೇಡಂ ತಲೆಬರಹದ ಮೇಲೆ ಕೆಂಪು ಪೆನ್ನು ಇಟ್ಟರು.

"ಎಲ್ಲಾರೂ ಅಂದ್ರ ಯಾರು?"

"ಊರವರ್‍ರಿ, ಮೇಡಂ."

"ನಿಮ್ಮ ಮಂದಿ ಓಣಿ ನಿಡೋಣಿಯಾಗ ಇಲ್ಲೇನು?"

ಇತ್ತು. ಬಸ್‌ಸ್ಟ್ಯಾಂಡಿನಿಂದ ನೀಲವ್ವನ ಮನೆಗೆ ಹೋಗುವಾಗ ಬಲಕ್ಕೆ ಕಾಣುತ್ತಿತ್ತು. ಅಷ್ಟು ತಿಂಗಳು ನಾನು ಎಡಕ್ಕೇ ತಿರುಗಿದ್ದೆ. ಬಲಕ್ಕೆ ಹೋದರೆ ಏನು ಕೇಳಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹೋಗಿರಲಿಲ್ಲವೋ ಏನೋ.

ಮುಂದಿನ ವಾರ ಬಲಕ್ಕೆ ತಿರುಗಿದೆ. ಭೀಮವ್ವ ಎಂಬ ಅಜ್ಜಿ ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದಳು. ನಮ್ಮವಳೇ ಎಂದು ತಿಳಿದು ಕೈ ಹಿಡಿದು ಕೂರಿಸಿಕೊಂಡಳು. ನೀಲವ್ವನ ಮನೆಯಿರುವ ಮೇಲಿನ ಓಣಿಯಲ್ಲಿ ಸಾವಾದರೆ ನೀವೇನು ಮಾಡುತ್ತೀರಿ ಎಂದು ಕೇಳಿದೆ.

"ಹೋಗತೇವಿ. ನಿಂದರತೇವಿ. ಬರತೇವಿ."

"ರೊಟ್ಟಿ ಒಯ್ಯಂಗಿಲ್ಲೇನಜ್ಜಿ?"

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು. "ಒಯ್ದ್ರ ಯಾರ ಉಣತಾರ ಬೇ?" ಎಂದಳು. ಸಿಟ್ಟಿನಿಂದಲ್ಲ, ವ್ಯಂಗ್ಯದಿಂದಲೂ ಅಲ್ಲ. ಮಳೆ ಯಾವಾಗ ಬರುತ್ತದೆ ಎಂದು ಕೇಳಿದರೆ ಹೇಗೆ ಹೇಳುತ್ತಾಳೋ ಹಾಗೆ. ಆಮೇಲೆ ಮತ್ತೆ ಕುಟ್ಟತೊಡಗಿದಳು.

ಅದಾಗಿ ಕೆಲವೇ ದಿನಗಳಿಗೆ ಬೆಳಿಗ್ಗೆ ಸವಿತಾಳ ಫೋನು ಬಂತು. "ಮಾವಾರು ಹೋದ್ರು ಅಕ್ಕಾ," ಎಂದವಳೇ ಫೋನ್ ಇಟ್ಟುಬಿಟ್ಟಳು. ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ಆ ಮಾತಿಲ್ಲದ ಮನುಷ್ಯ ನಿದ್ದೆಯಲ್ಲೇ ಹೋಗಿದ್ದರು.

ನಾನು ಬಟ್ಟೆ ಬದಲಿಸಿ ಹೊರಡುವಷ್ಟರಲ್ಲಿ ಅವ್ವ ಹಂಚಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬ್ಯಾಡ ಬಿಡು ಬೇ. ಬರೇ ಹೋಗಿ ಕೈ ಮುಗದು ಬರಲಿ," ಎಂದ. ಅಂದು ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಆಕಿ ನನ್ನ ಮಗಳಿಗೆ ಉಂಡಿ ಕೊಟ್ಟಾಳ, ಕಡ್ಲಿ ಕೊಟ್ಟಾಳ. ಆಕಿ ಮನ್ಯಾಗ ಸಾವಾಗೇದ. ನಾ ಬರಿಗೈಲೆ ಕಳಸಲೇನು?" ಎಂದಳು ಅವ್ವ, ಹಿಂತಿರುಗಿ ನೋಡದೆ. ತೆಳ್ಳಗಿನ ರೊಟ್ಟಿ, ಖಾರ ಕಡಿಮೆ ಹಾಕಿದ ಜುಣಕ. ಬಾಯಿ ಒಣಗಿರುತ್ತದೆ ಎಂದು ನೀಲವ್ವ ಹೇಳಿದ್ದನ್ನು ನಾನೇ ಅವಳಿಗೆ ಹೇಳಿದ್ದೆ.

ಮಧ್ಯಾಹ್ನ ನಾನು ತಲುಪಿದಾಗ ಮಣ್ಣು ಮುಗಿದು ಗಂಡಸರು ಸ್ನಾನ ಮಾಡುತ್ತಿದ್ದರು. ನೀಲವ್ವ ಒಳಗೋಡೆಗೆ ಒರಗಿ ಕೌದಿ ಹೊದ್ದು ಕುಳಿತಿದ್ದರು. ಅಷ್ಟೆತ್ತರದ ಹೆಂಗಸು ಅಂದು ಒಂದು ಗಂಟಿನಷ್ಟು ಕಂಡರು. ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿಗಳ ಸಾಲು. ನಾನು ಬಾಗಿಲಲ್ಲಿ ನಿಂತು ನನ್ನ ಡಬ್ಬಿ ಚಾಚಿದೆ. ಸವಿತಾ ಎರಡೂ ಕೈಯಿಂದ ತೆಗೆದುಕೊಂಡಳು, ಒಳಗೆ ಎರಡು ಹೆಜ್ಜೆ ಇಟ್ಟಳು, ನಿಂತಳು. ಹಿರಿಯ ಹೆಂಗಸೊಬ್ಬಳು ಒಳಗಿನಿಂದ ಕೇಳಿದಳು: "ಅದ ಯಾರದು?"

"ವಿಜಾಪುರದವರದ್ರಿ," ಎಂದಳು ಸವಿತಾ.

ಆಕೆ ನನ್ನ ಕಡೆ ನೋಡಿದಳು. ಸವಿತಾ ತಿರುಗಿ ಬಂದು ಡಬ್ಬಿಯನ್ನು ಪಡಸಾಲೆಯ ಗೂಡಿನಲ್ಲಿ, ಬ್ಯಾಟರಿ ಮತ್ತು ಬೀಗದ ಕೈಗಳ ಪಕ್ಕ ಇಟ್ಟಳು. ಅವಳು ನನ್ನ ಮುಖ ನೋಡಲಿಲ್ಲ.

ಊಟಕ್ಕೆ ಕೂರಿಸಿದರು. ನನ್ನನ್ನೂ ಕೂರಿಸಿದರು, ಪಡಸಾಲೆಯ ಹೊರಬಾಗಿಲ ಕಡೆಯ ತುದಿಗೆ. ಬೇರೆಯವರ ಮನೆಯ ರೊಟ್ಟಿ ನನ್ನ ಎಲೆಗೆ ಬಿತ್ತು. ಯಾರೋ ನೀಲವ್ವನ ಮುಂದೆ ತಾಟು ಹಿಡಿದು, "ಒಂದ ತುತ್ತ ಉಣ್ಣವಾ," ಎಂದು ಅಂಗಲಾಚುತ್ತಿದ್ದರು. ಅವರು ತಲೆಯಾಡಿಸಿದರು. ಆಗ ಅವರ ಕಣ್ಣು ಗೂಡಿನ ಕಡೆ ಹೋಯಿತು. ಅಲ್ಲಿಂದ ನನ್ನ ಕಡೆ ಬಂತು. ನಾನು ಕಾಯ್ದೆ. ಏನನ್ನು ಕಾಯ್ದೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಅವರು ಕಣ್ಣು ಮುಚ್ಚಿ ಗೋಡೆಗೆ ತಲೆಯಾನಿಸಿದರು.

ಹೊರಟಾಗ ಯಾರೋ ಹಿಂದಿನಿಂದ ಬಂದು, "ನಿಮ್ಮ ಡಬ್ಬಿ ಬಿಟ್ಟ ಹೊಂಟೀರಲ್ಲ," ಎಂದು ಕೈಗೆ ಕೊಟ್ಟರು. ತಂದಾಗ ಎಷ್ಟು ಭಾರವಿತ್ತೋ ಅಷ್ಟೇ ಇತ್ತು.

ಮನೆಗೆ ಬಂದಾಗ ಅವ್ವ ಡಬ್ಬಿ ಎತ್ತಿ ನೋಡಿದಳು. ತೆರೆಯಲೂ ಇಲ್ಲ, ಕೇಳಲೂ ಇಲ್ಲ. "ಅಪ್ಪ ಬರಲಿ, ಕೂಡಿ ಉಣ್ಣೂಣು," ಎಂದಳು. ಸಂಜೆ ಮೂವರೂ ಕುಳಿತು ಅದನ್ನೇ ಉಂಡೆವು. ರೊಟ್ಟಿ ಬಿರುಸಾಗಿತ್ತು. ಅಪ್ಪ ಎರಡು ತುತ್ತು ತಿಂದು, "ಜುಣಕಕ್ಕ ಖಾರ ಕಮ್ಮಿ ಆತು," ಎಂದ. ಅವ್ವ, "ನಿಮಗಂತ ಮಾಡಿದ್ದಿಲ್ಲ," ಎಂದಳು. ಆದರೂ ಅಪ್ಪ ಡಬ್ಬಿ ಖಾಲಿಯಾಗುವವರೆಗೆ ಉಂಡ.

ಇದನ್ನೆಲ್ಲ ಕೇಳಿದ ಮೇಡಂ ತಮ್ಮ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಕೇಳಿದರು: "ರೊಟ್ಟಿ ಒಯ್ದದ್ದು ಸಂಶೋಧನಾಕ್ಕೋ, ಸಾವಿಗೋ?"

ಬಡಿದವಳು ಅವ್ವ, ಅವಳಿಗೆ ಅನುಮಾನವಿರಲಿಲ್ಲ. ಒಯ್ದವಳು ನಾನು. ನೀಲವ್ವನ ಗಂಡನ ಸಾವಿಗೆ ನನಗೆ ಅಳು ಬಂದಿದ್ದು ನಿಜ. ಬಸ್ಸಿನಲ್ಲಿ ಕುಳಿತಾಗ, ಏನಾಗುತ್ತದೆ ನೋಡೋಣ ಎಂದು ನನ್ನೊಳಗೊಬ್ಬಳು ಪೆನ್ನು ಹಿಡಿದು ಕುಳಿತಿದ್ದದ್ದೂ ನಿಜ. ಇಬ್ಬರನ್ನೂ ಬೇರೆ ಬೇರೆ ಮಾಡಲು ನನಗೆ ಇವತ್ತಿಗೂ ಬಂದಿಲ್ಲ.

"ಬರಿ," ಎಂದರು ಮೇಡಂ. "ಒಬ್ಬ ಮಹಿಳೆ, ಒಂದು ಕುಟುಂಬ ಅಂತ ಬರೀಬ್ಯಾಡ. ನಾನು ಅಂತ ಬರಿ. ಆದ್ರ ಮೊದಲ ಆಕೀ ಮುಂದ ಓದಿ ಒಪ್ಪಿಗಿ ತಗೋ. ಆಕಿ ಮನಿ ಕಥಿ ಅದು."

ದಿನಕರ್ಮಗಳೆಲ್ಲ ಮುಗಿದ ಮೇಲೆ ನಿಡೋಣಿಗೆ ಹೋದೆ. ನೀಲವ್ವ ಗಂಡ ಕೂರುತ್ತಿದ್ದ ಜಾಗದಲ್ಲಿ ಕುಳಿತಿದ್ದರು. ಬರೆದ ನಾಲ್ಕು ಪುಟ ಓದಿದೆ. ಎಲ್ಲೂ ಬಿಡದೆ ಓದಿದೆ. ಅವರು ನಡುವೆ ಬಾಯಿ ಹಾಕಲಿಲ್ಲ.

"ಹಸಿವಾಗಿತ್ತು ಬೇ ಆವತ್ತ," ಎಂದರು ಕೊನೆಗೆ. "ಹಿಂದಿನ ರಾತ್ರಿ ಉಂಡದ್ದ, ಆಮ್ಯಾಲ ಏನೂ ತಿಂದಿದ್ದಿಲ್ಲ. ಮಂದಿ ಎದುರು ನುಂಗಾಕ ನಾಚಿಕಿ. ನಿನ್ನ ಡಬ್ಬಿ ನೋಡಿನಿ. ಈ ಹುಡುಗಿ ವಿಜಾಪುರದಿಂದ ಹೊತ್ಕೊಂಡ ಬಂದಾಳ, ಅದನ್ನರ ಕೇಳೂಣು ಅನಸ್ತು."

"ಮತ್ತ ಕೇಳಬೇಕಿತ್ತಲ್ಲ ಅಮ್ಮ. ನೀವು ಕೇಳಿದ್ರ ಬ್ಯಾಡ ಅನ್ನಾವರ ಯಾರಿದ್ರು?"

"ನಾ ಕೇಳಿ ಉಂಡಿದ್ರ ನನಗ ಯಾರೂ ಏನೂ ಅಂತಿದ್ದಿಲ್ಲ. ನಾ ಮುದುಕಿ, ಇಂದಿಲ್ಲ ನಾಳಿ ಹೋಗಾಕಿ. ಈ ಸವಿತಾ ಇನ್ನೂ ಬಾಳಬೇಕಲ್ಲ ಈ ಮಂದ್ಯಾಗ. ಡಬ್ಬಿ ಒಳಗ ತಂದಾಕಿ ಅಂತ ಆಕಿನ್ನ ಬಿಡತಿದ್ದಿಲ್ಲ." ನನ್ನ ಕೈಯಿಂದ ಪುಟಗಳನ್ನು ತೆಗೆದುಕೊಂಡು, ಓದಲು ಬಾರದಿದ್ದರೂ ಒಂದೊಂದಾಗಿ ತಿರುವಿದರು. "ಚಂದ ಬರದಿ. ಖರೇನ ಬರದಿ. ಆದ್ರ ನಾ ಇರೂತನಕ ಬ್ಯಾಡ. ನಾ ಹ್ವಾದಮ್ಯಾಲ ಏನಾರ ಮಾಡಕೋ."

ನನಗೆ ಸಿಟ್ಟು ಬಂತು. ಸವಿತಾ ಚಹಾ ತಂದಳು. ಸ್ಟೀಲಿನ ಲೋಟದಲ್ಲಿ. ನಾನು ಕುಡಿಯದೆ ಎದ್ದು ಬಂದೆ.

ಪ್ರಬಂಧ ಆ ನಾಲ್ಕು ಪುಟಗಳಿಲ್ಲದೆ ಹೋಯಿತು. ಭೀಮವ್ವನ ಮಾತು ಇತ್ತು, ನೀಲವ್ವನ ಮಾತು ಇತ್ತು, ನಡುವೆ ನಾನು ಇರಲಿಲ್ಲ. ಮೇಡಂ ಸಹಿ ಹಾಕುವಾಗ, "ಒಪ್ಪಿಗಿ ಇಲ್ಲಂದ್ರ ಇಲ್ಲ. ಅದೂ ಕಲಿಯೂದ," ಎಂದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಮೂರನೆಯ ಅಧ್ಯಾಯ ತಿರುವಿ, "ಇಲ್ಲಿ ಏನೋ ಬಿಟ್ಟ ಹಾಗಿದೆಯಲ್ಲ?" ಎಂದರು. "ಕ್ಷೇತ್ರಕಾರ್ಯದ ಮಿತಿ, ಸರ್," ಎಂದೆ. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಒಳ್ಳೆಯ ಅಂಕಗಳೇ ಬಂದವು. ಅಪ್ಪ ಡಿಪೋದಲ್ಲಿ ಪೇಢೆ ಹಂಚಿದ. ಕಪ್ಪು ರಟ್ಟಿನ, ಬಂಗಾರದ ಅಕ್ಷರದ ಪ್ರಬಂಧ ಟೀವಿಯ ಪಕ್ಕ ಕುಳಿತಿತು. ಬಂದವರೆಲ್ಲ ಎತ್ತಿ ನೋಡಿ, ಹೆಸರು ಓದಿ, ಮೆಲ್ಲಗೆ ಕೆಳಗಿಡುತ್ತಿದ್ದರು.

ಮುಂದಿನ ಪಂಚಮಿಗೆ ನೀಲವ್ವ ಫೋನ್ ಮಾಡಿದರು. "ಉಂಡಿ ಕಟ್ಟೇನಿ, ಬಾ." ಎಂ.ಎ. ಪರೀಕ್ಷೆ ಇದೆ ಎಂದೆ. ಅದರ ಮುಂದಿನ ಪಂಚಮಿಗೂ ಮಾಡಿದರು. ಈಗ ಪಾಠ ಮಾಡಾಕ ಹತ್ತೇನ್ರಿ, ರಜಾ ಇಲ್ಲ ಎಂದೆ. "ಹೌದಾ? ಚಲೋ ಆತು. ಮೈ ಕೈ ತುಂಬಕೊಂಡಿಯೇನು?" ಎಂದು ಕೇಳಿ, ನಾನು ಉತ್ತರ ಕೊಡುವ ಮುಂಚೆ, "ಇಡತೇನಿ ಬೇ," ಎಂದರು.

ಈ ವರ್ಷ ಪಂಚಮಿಗೆ ಮೊದಲೇ ಫೋನು ಬಂತು. ಸವಿತಾ. "ಅತ್ತಿ ಹೋದ್ರು."

ಈ ಸಲ ಅವ್ವನೂ ಬರುತ್ತೇನೆಂದಳು. ಸೀರೆ ಉಟ್ಟು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ನಿಂತು ನನ್ನ ಕಡೆ ತಿರುಗಿದಳು. "ಬ್ಯಾಡವಾ," ಎಂದೆ. ಅವಳು ಮುಚ್ಚಳ ಹಾಕಿದಳು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಹೂವಿನ ಹಾರ ತೆಗೆದುಕೊಂಡೆವು.

ನೀಲವ್ವನನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಕೂತದ್ದರಿಂದ ಮತ್ತೆ ಎತ್ತರ ಕಾಣುತ್ತಿದ್ದರು. ಈಗ ಬೈಯುತ್ತಾರೇನೋ ಎನ್ನುವ ಹಾಗೆ ಬಾಯಿ ತುಸು ತೆರೆದಿತ್ತು. ಹಾರ ಹಾಕಿ ಅಂಗಳದ ಅಂಚಿಗೆ ಬಂದು ನಿಂತೆವು. ಅಲ್ಲಿ ಕೆಳಗಿನ ಓಣಿಯವರೂ ನಿಂತಿದ್ದರು. ಮಣ್ಣಿಗೆ ಒಯ್ದರು. ಹೋದೆವು, ನಿಂತೆವು, ಬಂದೆವು. ಹೊರಡಬೇಕೆನ್ನುವಾಗ ಸವಿತಾ ಒದ್ದೆ ಕೂದಲಲ್ಲೇ ಬಾಗಿಲವರೆಗೆ ಓಡಿ ಬಂದಳು. ನನ್ನ ಕೈ ನೋಡಿದಳು, ಅವ್ವನ ಕೈ ನೋಡಿದಳು.

"ಡಬ್ಬಿ ತಂದಿಲ್ಲೇನ್ರಿ?"

ಅವ್ವ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಒಳಗ ಕಟ್ಟಿ ಮ್ಯಾಲ ಜಾಗಾ ಬಿಟ್ಟಿದ್ನಿ," ಎಂದಳು. "ಎಲ್ಲಾರ ಡಬ್ಬಿ ನಡುವ."

ವಾಪಸು ಬರುವಾಗ ಅವ್ವ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಜಲನಗರದ ತಿರುವಿನಲ್ಲಿ ಇಳಿದಾಗ, "ನಾಳಿ ನಿಡೋಣಿಗೆ ಮೊದಲನೇ ಬಸ್ ಯಾವಾಗ, ಅಪ್ಪಗ ಕೇಳು," ಎಂದಳು.

ಮರುದಿನ ಒಯ್ದೆವು. ಸವಿತಾ ಡಬ್ಬಿಯನ್ನು ಒಳಗೆ ಒಯ್ದು ತಾನು ಬಿಟ್ಟ ಜಾಗದಲ್ಲಿ ಇಟ್ಟಳು. ಊಟದ ಹೊತ್ತಿಗೆ ಅದರಿಂದಲೇ ಒಂದು ರೊಟ್ಟಿ ತೆಗೆದು ತನ್ನ ತಾಟಿಗೆ ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ಕುಳಿತಳು. ಪಕ್ಕದಲ್ಲಿದ್ದ ಹಿರಿಯಳು, ಅಂದು "ಅದ ಯಾರದು" ಎಂದು ಕೇಳಿದವಳೇ, ತನ್ನ ತಾಟು ಹಿಡಿದು ಎದ್ದು ಪಡಸಾಲೆಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಉಳಿದವರು ಏಳಲಿಲ್ಲ, ನಮ್ಮ ರೊಟ್ಟಿಯನ್ನು ಮುಟ್ಟಲೂ ಇಲ್ಲ. ಸವಿತಾ ರೊಟ್ಟಿ ಮುರಿದಳು, ಜುಣಕಕ್ಕೆ ಹಚ್ಚಿದಳು, ಬಾಯಿಗಿಡಲು ಆಗದೆ ಹಾಗೇ ಹಿಡಿದು ಕುಳಿತಳು.

"ಅತ್ತಿ ಇರಬೇಕಿತ್ರಿ," ಎಂದಳು ಅವ್ವನ ಕಡೆ ನೋಡಿ.

ಅವ್ವ ಎದ್ದು, ಖಾಲಿಯಾದ ಆ ಜಾಗದಲ್ಲಿ ಹೋಗಿ ಅವಳ ಪಕ್ಕಕ್ಕೆ ಕುಳಿತು, ನೀರಿನ ತಂಬಿಗೆಯನ್ನು ಹತ್ತಿರ ಸರಿಸಿದಳು.

"ಉಣ್ಣವಾ ಮೊದಲ," ಎಂದಳು.